ಕ್ಯಾನ್ಸರ್ ಆಪರೇಷನ್ ಜೊತೆಗೆ ಪಿತ್ತಕೋಶವನ್ನೂ ತೆಗೆಯಬೇಕೆ?

"ಕ್ಯಾನ್ಸರ್ ಇರೋದು ಜಠರದಲ್ಲಿ. ಪಿತ್ತಕೋಶ ಚೆನ್ನಾಗಿದೆ ಅಂತ ಸ್ಕ್ಯಾನಿಂಗ್ ರಿಪೋರ್ಟಲ್ಲೇ ಬಂದಿದೆ. ಮತ್ತೆ ಅದನ್ನ ಯಾಕೆ ತೆಗೀಬೇಕು ಡಾಕ್ಟ್ರೇ?"

ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪತ್ರ ಕೈಗೆ ಬಂದಾಗ ಮನೆಯವರಿಗೆ ಹುಟ್ಟುವ ಪ್ರಶ್ನೆ ಇದು. ಮೈಸೂರಿನ ದೊಡ್ಡಾಸ್ಪತ್ರೆ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಮಂಡ್ಯದ ಮಿಮ್ಸ್‌ನಲ್ಲಿ ತೋರಿಸಿಕೊಂಡು ಮುಂದಕ್ಕೆ ಹೋದವರಿರಲಿ, ಪ್ರಶ್ನೆ ಒಂದೇ. ಆದರೆ ಬಹಳ ಜನ ಬಾಯಿಬಿಟ್ಟು ಕೇಳುವುದಿಲ್ಲ. "ಅವ್ರಿಗೆ ಗೊತ್ತಿರುತ್ತೆ ಬಿಡಿ" ಎಂದು ಸೈನ್ ಹಾಕಿಬಿಡುತ್ತಾರೆ.

ಇದು ಕೇಳಲೇಬೇಕಾದ ಪ್ರಶ್ನೆ. ಯಾಕೆಂದರೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಸರ್ಜನ್‌ಗಳಲ್ಲೇ ಎರಡು ಅಭಿಪ್ರಾಯಗಳಿವೆ. ಒಬ್ಬ ರೋಗಿಗೆ ತೆಗೆಯುವುದು ಸರಿ ಇರಬಹುದು, ಪಕ್ಕದ ಬೆಡ್ಡಿನವರಿಗೆ ಬಿಡುವುದೇ ಸರಿ ಇರಬಹುದು. ಯಾವ ಆಪರೇಷನ್ ಮಾಡುತ್ತಿದ್ದಾರೆ? ಅದರಿಂದ ಪಿತ್ತರಸದ ದಾರಿ ಎಷ್ಟು ಬದಲಾಗುತ್ತದೆ? ಮುಂದೆ ತೊಂದರೆ ಬಂದರೆ ಆ ಜಾಗಕ್ಕೆ ಮತ್ತೆ ತಲುಪುವುದು ಎಷ್ಟು ಕಷ್ಟ? ತೀರ್ಮಾನ ನಿಂತಿರುವುದು ಇವುಗಳ ಮೇಲೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. "ಮುನ್ನೆಚ್ಚರಿಕೆಗೆ ಪಿತ್ತಕೋಶ ತೆಗೀತೀವಿ" ಅಂದ ಕೂಡಲೇ ಮನೆಯವರು "ಹಾಗಾದ್ರೆ ಕ್ಯಾನ್ಸರ್ ಅಲ್ಲಿಗೂ ಹರಡಿದ್ಯಾ?" ಎಂದು ಗಾಬರಿಯಾಗುತ್ತಾರೆ. ಹಾಗಲ್ಲ. ಇಲ್ಲಿ ಮುನ್ನೆಚ್ಚರಿಕೆ ಕಲ್ಲಿನ ವಿಷಯದಲ್ಲಿ, ಕ್ಯಾನ್ಸರ್ ವಿಷಯದಲ್ಲಿ ಅಲ್ಲ. ಮುಂದೆ ಪಿತ್ತಕೋಶದಲ್ಲಿ ಕಲ್ಲು ಬೆಳೆದು ನೋವು, ಸೋಂಕು, ಕಾಮಾಲೆ ತಂದೀತು ಎನ್ನುವ ಅಂದಾಜಿನ ಮೇಲೆ ಆರೋಗ್ಯವಾಗಿರುವ ಪಿತ್ತಕೋಶವನ್ನು ಈಗಲೇ ತೆಗೆಯುವುದು. ಪಿತ್ತಕೋಶದ ಮೇಲೆ ಕ್ಯಾನ್ಸರ್ ಕಂಡು ತೆಗೆದರೆ ಅದು ಚಿಕಿತ್ಸೆಯ ಭಾಗ. ಈಗಾಗಲೇ ಕಲ್ಲಿದೆ ಎಂದು ತೆಗೆದರೆ ಅದೂ ಬೇರೆಯೇ. ಜಗಳ ಇರುವುದು ಚೆನ್ನಾಗಿರುವ ಪಿತ್ತಕೋಶದ ಬಗ್ಗೆ ಮಾತ್ರ.

ಪಿತ್ತರಸ ಹರಿಯುವ ದಾರಿ

ಪಿತ್ತರಸ ತಯಾರಾಗುವುದು ಪಿತ್ತಕೋಶದಲ್ಲಿ ಅಲ್ಲ, ಲಿವರ್‌ನಲ್ಲಿ. ದಿನಕ್ಕೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಅದು ಪಿತ್ತರಸ ಮಾಡುತ್ತದೆ. ಅದು ನಾಳದ ಮೂಲಕ ಸಣ್ಣ ಕರುಳಿನ ಮೊದಲ ಭಾಗಕ್ಕೆ, ಅಂದರೆ ಡ್ಯುಯೋಡಿನಂಗೆ ಬರುತ್ತದೆ. ನಾವು ತಿಂದ ಎಣ್ಣೆ, ತುಪ್ಪ, ಕೊಬ್ಬು ಜೀರ್ಣವಾಗಲು ಈ ರಸ ಬೇಕು. ಹೊಟ್ಟೆ ಖಾಲಿ ಇದ್ದಾಗ ರಸದ ಒಂದು ಪಾಲು ಪಕ್ಕಕ್ಕೆ ತಿರುಗಿ ಪಿತ್ತಕೋಶ ಸೇರುತ್ತದೆ. ಲಿವರ್ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ ಅದು. ಉದ್ದ 7ರಿಂದ 10 ಸೆಂಟಿಮೀಟರ್, ಹಿಡಿಯುವುದು 30ರಿಂದ 50 ಮಿಲಿಲೀಟರ್. ಅಷ್ಟೇ ಜಾಗದಲ್ಲಿ ಅದು ರಸದ ನೀರನ್ನು ಹೀರಿ, ಹಲವು ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ.

ಊಟದ ಕೊಬ್ಬು ಮತ್ತು ಪ್ರೋಟೀನು ಡ್ಯುಯೋಡಿನಂಗೆ ಬಂದು ತಾಕಿದಾಗ ಅಲ್ಲಿಂದ ಸಿ.ಸಿ.ಕೆ. ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆ ಆಗುತ್ತದೆ. ಅದು ಬಂದು ಮುಟ್ಟಿದ ಕೂಡಲೇ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ನಾಳದ ತುದಿಯ ಬಾಗಿಲು ಸಡಿಲವಾಗುತ್ತದೆ. ಗಟ್ಟಿ ರಸ ಊಟದ ಮೇಲೆ ಬೀಳುತ್ತದೆ. ಇದರ ಜೊತೆಗೆ ವೇಗಸ್ ಎಂಬ ನರದ ಕೊಂಬೆಯೊಂದು ಪಿತ್ತಕೋಶದ ಸ್ನಾಯುವನ್ನು ಬಿಗಿಯಾಗಿ, ಕೆಲಸಕ್ಕೆ ಸಿದ್ಧವಾಗಿ ಇಡುತ್ತದೆ.

ಹೀಗೆ ದಿನಕ್ಕೆ ಹಲವು ಸಲ ತುಂಬಿ ಖಾಲಿ ಆಗುತ್ತಿದ್ದರೆ ಪಿತ್ತಕೋಶ ಶುಚಿಯಾಗಿರುತ್ತದೆ. ಹರಿವು ನಿಂತ ಕೆರೆಯಲ್ಲಿ ಹೂಳು ತುಂಬಿಕೊಳ್ಳುತ್ತದಲ್ಲ, ಹಿಂಡುವ ಕೆಲಸ ನಿಂತರೆ ಇಲ್ಲೂ ಹಾಗೇ ಆಗುತ್ತದೆ. ಗಟ್ಟಿ ರಸ ಅಲ್ಲೇ ನಿಂತು ಕೆಸರಿನಂತೆ ಆಗುತ್ತದೆ. ಡಾಕ್ಟರುಗಳು ಇದಕ್ಕೆ ಸ್ಲಡ್ಜ್ ಎನ್ನುತ್ತಾರೆ. ಅದೇ ಗಟ್ಟಿಯಾಗುತ್ತಾ ಕಲ್ಲಾಗುತ್ತದೆ.

ಜಠರ ತೆಗೆದಾಗ ಏನೇನು ಬದಲಾಗುತ್ತದೆ

ಈ ಪ್ರಶ್ನೆ ಜಾಸ್ತಿ ಏಳುವುದು ಜಠರದ ಕ್ಯಾನ್ಸರ್ ಆಪರೇಷನ್‌ನಲ್ಲಿ. ಅದಕ್ಕೆ ಕಾರಣಗಳಿವೆ.

ಮೊದಲನೆಯದು ನರ. ಜಠರವನ್ನೂ ಸುತ್ತಲಿನ ಲಿಂಫ್ ಗ್ರಂಥಿಗಳನ್ನೂ ತೆಗೆಯುವಾಗ ವೇಗಸ್ ನರದ ಕೊಂಬೆಗಳು ಕತ್ತರಿಸಿಹೋಗುತ್ತವೆ. ಲಿವರ್ ಮತ್ತು ಪಿತ್ತಕೋಶದ ಕಡೆಗೆ ಹೋಗುವ ಕೊಂಬೆಯೂ ಅದರಲ್ಲಿ ಸೇರಿರಬಹುದು. ಕ್ಯಾನ್ಸರ್ ಇನ್ನೂ ಮೊದಲ ಹಂತದಲ್ಲಿದ್ದರೆ ಕೆಲವು ಸರ್ಜನ್‌ಗಳು ಆ ಕೊಂಬೆಯನ್ನು ಹುಡುಕಿ ಉಳಿಸುತ್ತಾರೆ. ಜಪಾನ್ ಮತ್ತು ಕೊರಿಯಾದಲ್ಲಿ ಈ ಪದ್ಧತಿ ಹೆಚ್ಚು. ಆದರೆ ನಮ್ಮಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಬೆಳೆದುಬಿಟ್ಟಿರುತ್ತದೆ. "ಗ್ಯಾಸ್ಟ್ರಿಕ್ ಇರ್ಬೇಕು" ಎಂದು ತಿಂಗಳುಗಟ್ಟಲೆ ಅಂಗಡಿ ಮಾತ್ರೆ ನುಂಗಿ ಬಂದವರಿರುತ್ತಾರೆ. ಅಂಥವರಲ್ಲಿ ಗ್ರಂಥಿಗಳನ್ನು ಪೂರ್ತಿ ತೆಗೆಯುವುದೇ ಮುಖ್ಯ. ನರ ಉಳಿಸುವ ಮಾತು ಆಮೇಲೆ.

ಎರಡನೆಯದು ಊಟದ ದಾರಿ. ಇದು ಸ್ವಲ್ಪ ವಿವರವಾಗಿ ತಿಳಿಯಬೇಕಾದ ವಿಷಯ. ಜಠರದ ಕೆಳಭಾಗವನ್ನು ಮಾತ್ರ ತೆಗೆದರೆ, ಉಳಿದ ಭಾಗವನ್ನು ಕೆಲವೊಮ್ಮೆ ನೇರವಾಗಿ ಡ್ಯುಯೋಡಿನಂಗೇ ಜೋಡಿಸಬಹುದು. ಆಗ ಊಟ ಹಳೇ ದಾರಿಯಲ್ಲೇ ಹೋಗುತ್ತದೆ. ಆದರೆ ಜಠರವನ್ನು ಪೂರ್ತಿ ತೆಗೆದಾಗ ಸಾಮಾನ್ಯವಾಗಿ ರೂ-ಎನ್-ವೈ ಎನ್ನುವ ಜೋಡಣೆ ಮಾಡುತ್ತಾರೆ. ಡ್ಯುಯೋಡಿನಂನ ಮೇಲಿನ ತುದಿಯನ್ನು ಮುಚ್ಚಿಬಿಡುತ್ತಾರೆ. ಕೆಳಗಿನಿಂದ ಸಣ್ಣ ಕರುಳಿನ ಒಂದು ತುಂಡನ್ನು ಮೇಲೆ ತಂದು ಅನ್ನನಾಳಕ್ಕೆ ಹೊಲಿಯುತ್ತಾರೆ. ಊಟ ಒಂದು ದಾರಿಯಲ್ಲಿ, ಪಿತ್ತರಸ ಇನ್ನೊಂದು ದಾರಿಯಲ್ಲಿ ಇಳಿದು, ಕೆಳಗೆ ಹೋಗಿ ಸೇರುತ್ತವೆ. ಈಗ ಊಟ ಡ್ಯುಯೋಡಿನಂ ಅನ್ನು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಸಿ.ಸಿ.ಕೆ. ಬಿಡುಗಡೆಯ ರೀತಿಯೇ ಬದಲಾಗುತ್ತದೆ. ಪಿತ್ತಕೋಶಕ್ಕೆ ಹಿಂಡಿಕೊಳ್ಳಲು ಸರಿಯಾದ ಹೊತ್ತಿಗೆ ಕರೆ ಬರುವುದಿಲ್ಲ.

ಇದಕ್ಕೆ ಸೇರಿಕೊಳ್ಳುವುದು ತೂಕ. ಜಠರ ತೆಗೆದ ಮೇಲೆ ಮೊದಲ ತಿಂಗಳುಗಳಲ್ಲಿ ತೂಕ ಬೇಗ ಇಳಿಯುತ್ತದೆ. ತೂಕ ವೇಗವಾಗಿ ಇಳಿದರೆ ಪಿತ್ತರಸದಲ್ಲಿ ಕೊಲೆಸ್ಟರಾಲ್ ಪ್ರಮಾಣ ಏರುತ್ತದೆ. ಬೊಜ್ಜು ಕರಗಿಸುವ ಆಪರೇಷನ್ ಮಾಡಿಸಿಕೊಂಡವರಲ್ಲೂ ಕಲ್ಲು ಜಾಸ್ತಿ ಆಗುವುದು ಇದೇ ಕಾರಣಕ್ಕೆ. ಆಪರೇಷನ್ ಆದ ಮೊದಲ ದಿನಗಳ ಉಪವಾಸವೂ ಪಿತ್ತಕೋಶವನ್ನು ಸುಮ್ನೆ ಕೂರಿಸುತ್ತದೆ.

ಇಷ್ಟೆಲ್ಲಾ ಸೇರಿ, ಜಠರದ ಆಪರೇಷನ್ ಆದವರಲ್ಲಿ ಕಲ್ಲು ಸಾಮಾನ್ಯ ಜನರಿಗಿಂತ ಹೆಚ್ಚು. ಬೇರೆ ಬೇರೆ ಅಧ್ಯಯನಗಳಲ್ಲಿ ಶೇ 10ರಿಂದ 25ರವರೆಗೆ ಕಂಡಿದೆ. ಜಠರ ಪೂರ್ತಿ ತೆಗೆದವರಲ್ಲಿ ಭಾಗಶಃ ತೆಗೆದವರಿಗಿಂತ ಜಾಸ್ತಿ. ಹೆಚ್ಚಿನ ಕಲ್ಲುಗಳು ಮೊದಲ ಎರಡು ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತವೆ.

ಇತಿಹಾಸದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಕ್ಯಾನ್ಸರ್ ಬಂದ ಜಠರದ ಭಾಗವನ್ನು ಮೊದಲ ಬಾರಿ ಯಶಸ್ವಿಯಾಗಿ ತೆಗೆದವರು ವಿಯೆನ್ನಾದ ಥಿಯೋಡರ್ ಬಿಲ್‌ರೋತ್, 1881ರ ಜನವರಿಯಲ್ಲಿ. ಪಿತ್ತಕೋಶವನ್ನು ಮೊದಲು ತೆಗೆದವರು ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್, 1882ರ ಜುಲೈಯಲ್ಲಿ. ಎರಡಕ್ಕೂ ಒಂದೂವರೆ ವರ್ಷದ ಅಂತರ. ಅಲ್ಲಿಯವರೆಗೆ ಪಿತ್ತಕೋಶ ಇಲ್ಲದೆ ಮನುಷ್ಯ ಬದುಕಬಲ್ಲ ಎಂಬುದೇ ಡಾಕ್ಟರುಗಳಿಗೆ ಗಟ್ಟಿಯಾಗಿ ಗೊತ್ತಿರಲಿಲ್ಲ. ಈ ಎರಡೂ ಆಪರೇಷನ್‌ಗಳನ್ನು ಒಂದೇ ಸಲ ಮಾಡಬೇಕೆ ಎನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ.

ಎರಡೂ ಕಡೆಯ ವಾದ

ತೆಗೆಯುವುದೇ ಒಳ್ಳೆಯದು ಎನ್ನುವ ಸರ್ಜನ್‌ಗಳ ಮಾತು ಹೀಗಿದೆ. ಹೊಟ್ಟೆ ಹೇಗೂ ತೆರೆದಿದೆ. ಪಿತ್ತಕೋಶ ಕಣ್ಣೆದುರಿಗೇ ಇದೆ. ಅನುಭವಿ ಕೈಗೆ ಅದನ್ನು ತೆಗೆಯಲು ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ನಾಳೆ ಕಲ್ಲಾಗಿ ಮತ್ತೆ ಆಪರೇಷನ್ ಬೇಕಾದರೆ, ಒಳಗೆ ಕರುಳು, ಲಿವರ್ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಗ ಸಣ್ಣ ತೂತಿನ ಲ್ಯಾಪ್ರೋಸ್ಕೋಪಿ ಆಪರೇಷನ್ ಕಷ್ಟವಾಗುತ್ತದೆ. ಕೀಮೋ ನಡೆಯುತ್ತಿರುವಾಗ ಪಿತ್ತಕೋಶಕ್ಕೆ ಸೋಂಕು ಬಂದರಂತೂ ಬಿಳಿ ರಕ್ತಕಣ ಕಡಿಮೆ ಇರುವ ದೇಹ ಅದನ್ನು ತಡೆದುಕೊಳ್ಳುವುದು ಕಷ್ಟ. ಕೀಮೋ ನಿಲ್ಲಿಸಬೇಕಾಗುತ್ತದೆ.

ಇದೆಲ್ಲಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಪಿತ್ತಕೋಶದ ಕಲ್ಲು ಜಾರಿ ಪಿತ್ತನಾಳಕ್ಕೆ ಬಿದ್ದರೆ, ಸಾಮಾನ್ಯವಾಗಿ ಇ.ಆರ್.ಸಿ.ಪಿ. ಮಾಡುತ್ತಾರೆ. ಬಾಯಿಂದ ದುರ್ಬೀನು ಬಿಟ್ಟು, ಜಠರ ದಾಟಿ, ಡ್ಯುಯೋಡಿನಂನಲ್ಲಿ ನಾಳದ ಬಾಯಿ ಹುಡುಕಿ ಕಲ್ಲು ತೆಗೆಯುವುದು. ಆದರೆ ರೂ-ಎನ್-ವೈ ಆದವರಲ್ಲಿ ಆ ದಾರಿಯೇ ಇಲ್ಲ. ದುರ್ಬೀನು ಕರುಳಿನೊಳಗೆ ಬಹಳ ದೂರ ಇಳಿದು, ತಿರುಗಿ, ಮತ್ತೆ ಮೇಲೆ ಹತ್ತಬೇಕು. ಸಾಧಾರಣ ದುರ್ಬೀನಿಗೆ ಅದು ಆಗುವುದಿಲ್ಲ. ವಿಶೇಷ ಉದ್ದದ ದುರ್ಬೀನು ಬೇಕು. ಇಲ್ಲವೇ ಹೊರಗಿನಿಂದ ಚರ್ಮದ ಮೂಲಕ ಲಿವರ್‌ಗೆ ಸೂಜಿ ಹಾಕಿ ನಾಳ ತಲುಪಬೇಕು. ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿರುವ ರೋಗಿಗೆ ಇದು ದೊಡ್ಡ ವಿಷಯ. ಪೂರ್ತಿ ಜಠರ ತೆಗೆಯುವವರಲ್ಲಿ ಪಿತ್ತಕೋಶವನ್ನೂ ತೆಗೆಯುವ ವಾದಕ್ಕೆ ನನ್ನ ಪ್ರಕಾರ ಹೆಚ್ಚು ತೂಕ ಬರುವುದು ಇಲ್ಲೇ.

ಬೇಡ ಎನ್ನುವವರ ಮಾತಿಗೂ ಆಧಾರ ಇದೆ. ಇಟಲಿಯಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಲು ಜಠರದ ಕ್ಯಾನ್ಸರ್ ಆಪರೇಷನ್‌ಗೆ ಬಂದ 130 ಜನರ ಮೇಲೆ ಅಧ್ಯಯನ ಮಾಡಿದರು. ಕೋಲೆಗ್ಯಾಸ್ ಎಂದು ಅದರ ಹೆಸರು. ಚೀಟಿ ಎತ್ತಿದ ರೀತಿಯಲ್ಲಿ ಅರ್ಧ ಜನರಿಗೆ ಪಿತ್ತಕೋಶ ತೆಗೆದರು, ಅರ್ಧ ಜನರಿಗೆ ಬಿಟ್ಟರು. ಸುಮಾರು ಐದು ವರ್ಷ ಗಮನಿಸಿದರು. ಪಿತ್ತಕೋಶ ಉಳಿದ 65 ಜನರಲ್ಲಿ 8 ಜನಕ್ಕೆ ಕಲ್ಲು ಅಥವಾ ಸ್ಲಡ್ಜ್ ಕಾಣಿಸಿಕೊಂಡಿತು. ಅವರಲ್ಲಿ ನಿಜವಾಗಿ ತೊಂದರೆಯಾಗಿದ್ದು 3 ಜನಕ್ಕೆ. ಆಪರೇಷನ್ ಬೇಕಾಗಿದ್ದು 2 ಜನಕ್ಕೆ ಮಾತ್ರ. ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಮುಂದಿನ ಆಪರೇಷನ್ ತಪ್ಪಿಸಬೇಕಾದರೆ ಸುಮಾರು 32 ಜನರ ಚೆನ್ನಾಗಿರುವ ಪಿತ್ತಕೋಶ ತೆಗೆಯಬೇಕು.

ಕಲ್ಲು ಬರುವುದಕ್ಕೂ ಕಲ್ಲು ಕಾಟ ಕೊಡುವುದಕ್ಕೂ ನಡುವೆ ಬಹಳ ದೂರ ಇದೆ. ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಬೇಗ ಮರೆತುಹೋಗುವ ವಿಷಯ ಇದೇ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಬಹುಪಾಲು ಜನ ನೋವೇ ಇಲ್ಲದೆ ವರ್ಷಗಟ್ಟಲೆ ಇರುತ್ತಾರೆ. ನೋವಿಲ್ಲದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಮಾಡುವುದೂ ಇಲ್ಲ. ಇನ್ನೊಂದು ಕಟು ಸತ್ಯ ಇದೆ, ಅದನ್ನೂ ಹೇಳಬೇಕು. ಕ್ಯಾನ್ಸರ್ ತುಂಬಾ ಮುಂದುವರಿದಿದ್ದರೆ, ಕಲ್ಲು ಬೆಳೆದು ಕಾಟ ಕೊಡುವ ಕಾಲದ ತನಕ ಬದುಕಿನ ಚಿಂತೆಯೇ ಬೇರೆ ಆಗಿರುತ್ತದೆ. ಅಂಥವರಿಗೆ ಹೆಚ್ಚಿನ ಕತ್ತರಿ ಪ್ರಯೋಗದಿಂದ ಏನೂ ಸಿಗುವುದಿಲ್ಲ. ವಾಸಿಯಾಗುವ ಸಾಧ್ಯತೆ ಚೆನ್ನಾಗಿರುವವರಿಗೇ ಮುಂದಿನ ವರ್ಷಗಳ ಕಲ್ಲಿನ ಯೋಚನೆ ಅರ್ಥಪೂರ್ಣ.

ತೆಗೆಯುವುದರಲ್ಲಿ ಅಪಾಯ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಪಿತ್ತರಸ ಸೋರಬಹುದು, ರಕ್ತಸ್ರಾವ ಆಗಬಹುದು. ಎಲ್ಲಕ್ಕಿಂತ ಕೆಟ್ಟದ್ದು ಪಿತ್ತನಾಳಕ್ಕೇ ಏಟು ಬೀಳುವುದು. ಸಾಮಾನ್ಯ ಲ್ಯಾಪ್ರೋಸ್ಕೋಪಿ ಪಿತ್ತಕೋಶದ ಆಪರೇಷನ್‌ಗಳಲ್ಲಿ ಇದು ಸಾವಿರಕ್ಕೆ ಸುಮಾರು 3ರಿಂದ 5 ಮಂದಿಗೆ ಆಗುತ್ತದೆ. ಅಪರೂಪ ನಿಜ, ಆದರೆ ಹಾಗೆ ಆಗಿಬಿಟ್ಟರೆ ದೊಡ್ಡ ತೊಂದರೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿರುವವರಲ್ಲಿ ರಕ್ತಸ್ರಾವದ ಭಯ ಇನ್ನೂ ಹೆಚ್ಚು. ಅಂಥವರಲ್ಲಿ ಚೆನ್ನಾಗಿರುವ ಪಿತ್ತಕೋಶವನ್ನು ಮುಟ್ಟದಿರುವುದೇ ಮೇಲು.

ತೆಗೆಯುವುದಕ್ಕೂ ಬಿಡುವುದಕ್ಕೂ ನಡುವೆ ಮಾತ್ರೆಯ ದಾರಿಯೊಂದಿದೆ. ಅದನ್ನು ಬಹಳ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಉರ್ಸೋಡಿಆಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆ ಪಿತ್ತರಸದಲ್ಲಿ ಕೊಲೆಸ್ಟರಾಲ್ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. ದಕ್ಷಿಣ ಕೊರಿಯಾದ ಹಲವು ಆಸ್ಪತ್ರೆಗಳು ಸೇರಿ, ಜಠರದ ಕ್ಯಾನ್ಸರ್ ಆಪರೇಷನ್ ಆದ 521 ಜನರ ಮೇಲೆ ಇದನ್ನು ಪರೀಕ್ಷಿಸಿದವು. 2020ರಲ್ಲಿ ಫಲಿತಾಂಶ ಬಂತು. ಹೋಲಿಕೆಗೆಂದು ಕೊಟ್ಟ, ಔಷಧಿ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷದೊಳಗೆ ಶೇ 16.7 ಜನಕ್ಕೆ ಕಲ್ಲಾಗಿತ್ತು. ದಿನಕ್ಕೆ 300 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ 5.3, 600 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ 4.3. ದೊಡ್ಡ ವ್ಯತ್ಯಾಸ, ಅಲ್ವಾ? ಆದರೆ ಇದು ಒಂದು ವರ್ಷದ ಲೆಕ್ಕ. ಮಾತ್ರೆ ದಿನಾ ತಪ್ಪದೆ ನುಂಗಬೇಕು, ಅದಕ್ಕೆ ಖರ್ಚೂ ಇದೆ. ಮೆಡಿಕಲ್ ಸ್ಟೋರಿಗೆ ಹೋಗಿ ನೀವೇ ತಂದುಕೊಳ್ಳುವ ಮಾತ್ರೆ ಇದಲ್ಲ. ಆದರೂ "ಪಿತ್ತಕೋಶ ಉಳಿಸಿದರೆ ಈ ಮಾತ್ರೆ ಕೊಡಬಹುದಾ?" ಎಂದು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬೇರೆ ಆಪರೇಷನ್‌ಗಳಲ್ಲಿ

ಮೇದೋಜೀರಕ ಗ್ರಂಥಿಯ ತಲೆಯ ಭಾಗದ ಕ್ಯಾನ್ಸರ್‌ಗೆ ವಿಪಲ್ ಆಪರೇಷನ್ ಮಾಡುತ್ತಾರೆ. ಅದರಲ್ಲಿ ಪಿತ್ತಕೋಶ ತೆಗೆಯುವುದು ಆಪರೇಷನ್‌ನ ಭಾಗವೇ. ಪಿತ್ತನಾಳವನ್ನೇ ಕತ್ತರಿಸಿ ಕರುಳಿಗೆ ಹೊಸದಾಗಿ ಜೋಡಿಸುವುದರಿಂದ ಪಿತ್ತಕೋಶಕ್ಕೆ ಕೆಲಸ ಉಳಿಯುವುದಿಲ್ಲ. ಲಿವರ್‌ನ ಬಲಭಾಗ ತೆಗೆಯುವಾಗಲೂ ಹಾಗೇ. ಇಲ್ಲಿ ಚರ್ಚೆಗೆ ಜಾಗವಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಚೆನ್ನಾಗಿರುವ ಪಿತ್ತಕೋಶವನ್ನು ವಾಡಿಕೆಯಾಗಿ ತೆಗೆಯುವುದಿಲ್ಲ. ನರವೂ ಡ್ಯುಯೋಡಿನಂನ ದಾರಿಯೂ ಹಾಗೇ ಉಳಿಯುತ್ತವೆ. ಸಣ್ಣ ಕರುಳಿನ ಕೊನೆಯ ಭಾಗವನ್ನು ಉದ್ದಕ್ಕೆ ತೆಗೆಯಬೇಕಾದಾಗ ಮಾತ್ರ ಯೋಚಿಸಬೇಕು. ಪಿತ್ತರಸದ ಆಮ್ಲಗಳಲ್ಲಿ ಶೇ 95ರಷ್ಟನ್ನು ದೇಹ ವಾಪಸ್ ಹೀರಿಕೊಳ್ಳುತ್ತದೆ, ಅದು ನಡೆಯುವುದು ಮುಖ್ಯವಾಗಿ ಆ ಭಾಗದಲ್ಲಿ. ಅದು ಹೋದರೆ ಪಿತ್ತರಸದ ಹದ ಕೆಡುತ್ತದೆ.

ಹಾರ್ಮೋನು ಮಾಡುವ ಜೀವಕೋಶಗಳಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ ಗೆಡ್ಡೆಗಳ ಕಥೆ ಬೇರೆ, ಅಲ್ಲಿ ಪಿತ್ತಕೋಶ ತೆಗೆಯುವ ವಾದ ಬಲವಾಗಿದೆ. ಈ ರೋಗಿಗಳಲ್ಲಿ ಹಲವರಿಗೆ ಆಪರೇಷನ್ ನಂತರ ಆಕ್ಟ್ರಿಯೋಟೈಡ್ ಅಥವಾ ಲ್ಯಾನ್ರಿಯೋಟೈಡ್ ಇಂಜೆಕ್ಷನ್ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ, ಕೆಲವರಿಗೆ ವರ್ಷಗಟ್ಟಲೆ. ಈ ಔಷಧಿ ಸಿ.ಸಿ.ಕೆ. ಬಿಡುಗಡೆಯನ್ನೂ ಪಿತ್ತಕೋಶ ಹಿಂಡಿಕೊಳ್ಳುವುದನ್ನೂ ತಡೆಯುತ್ತದೆ. ಕಲ್ಲು ಇದರ ಗೊತ್ತಿರುವ ಅಡ್ಡಪರಿಣಾಮ. ಹೊಟ್ಟೆ ಹೇಗೂ ತೆರೆದಿರುವಾಗ, ಮುಂದೆ ಈ ಇಂಜೆಕ್ಷನ್ ಬೇಕಾಗುತ್ತದೆ ಎಂದು ಗೊತ್ತಿದ್ದರೆ, ಪಿತ್ತಕೋಶವನ್ನೂ ತೆಗೆಯುವ ಬಗ್ಗೆ ಸರ್ಜನ್‌ಗಳು ಮಾತಾಡುತ್ತಾರೆ. ಮಾತಾಡದಿದ್ದರೆ ನೀವೇ ಎತ್ತಿ.

ಅಂಡಾಶಯ, ಅಪೆಂಡಿಕ್ಸ್ ಮುಂತಾದ ಕ್ಯಾನ್ಸರ್ ಹೊಟ್ಟೆಯ ಒಳಪದರಕ್ಕೆ ಹರಡಿದ್ದರೆ, ಕಾಣುವ ಗಂಟುಗಳನ್ನೆಲ್ಲ ತೆಗೆದು, 41ರಿಂದ 43 ಡಿಗ್ರಿ ಬಿಸಿಯ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ಹೈಪೆಕ್ ಚಿಕಿತ್ಸೆ ಇದೆ. ಅಲ್ಲಿ ಪಿತ್ತಕೋಶದ ಹೊರಮೈ ಮೇಲೆ ಗಂಟು ಕಂಡರೆ ಅದನ್ನು ತೆಗೆಯುವುದು ಚಿಕಿತ್ಸೆಯೇ ಆಗುತ್ತದೆ. ಗಂಟು ಇಲ್ಲದಿದ್ದರೆ ಏನು ಮಾಡಬೇಕು ಎನ್ನುವುದರಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಪದ್ಧತಿ ಬದಲಾಗುತ್ತದೆ.

ಪಿತ್ತಕೋಶ ಇಲ್ಲದೆ ಊಟ

"ಪಿತ್ತಕೋಶ ಇಲ್ದೆ ಊಟ ಹೇಗೆ ಜೀರ್ಣ ಆಗುತ್ತೆ?" ಅಂತ ಮನೆಯ ಹೆಂಗಸರು ಮೊದಲು ಕೇಳುತ್ತಾರೆ. ಅಡುಗೆಮನೆ ನೋಡಿಕೊಳ್ಳುವವರು ಅವರೇ ತಾನೆ. ರಸ ಮಾಡುವುದು ಲಿವರ್ ಆದ್ದರಿಂದ ರಸ ನಿಲ್ಲುವುದಿಲ್ಲ. ಗಟ್ಟಿಯಾಗಿ ಕೂಡಿಟ್ಟು ಒಮ್ಮೆಲೇ ಬಿಡುವ ಬದಲು, ಸದಾ ಸ್ವಲ್ಪ ಸ್ವಲ್ಪ ಕರುಳಿಗೆ ಇಳಿಯುತ್ತಿರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇದು ಹೊಂದಿಕೊಳ್ಳುತ್ತದೆ. ಕೆಲವರಿಗೆ ಭೇದಿ ಆಗುತ್ತದೆ, ಅದರಲ್ಲೂ ಜಿಡ್ಡು ಜಾಸ್ತಿ ತಿಂದಾಗ. ಇದಕ್ಕೆ ಔಷಧಿ ಇದೆ, ಸುಮ್ನೆ ಸಹಿಸಿಕೊಂಡು ಕೂರಬೇಕಾಗಿಲ್ಲ.

ಜಠರವೂ ಹೋಗಿ ಪಿತ್ತಕೋಶವೂ ಹೋದವರಿಗೆ ಊಟದ ಕ್ರಮವೇ ಬದಲಾಗುತ್ತದೆ. ಅದರಲ್ಲಿ ಪಿತ್ತಕೋಶದ ಪಾಲು ಸಣ್ಣದು, ಜಠರದ ಪಾಲು ದೊಡ್ಡದು. ದಿನಕ್ಕೆ ಎರಡು ಹೊತ್ತು ತಟ್ಟೆ ತುಂಬ ಉಣ್ಣುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸ. ಜಠರ ಇಲ್ಲದವರು ಹಾಗೆ ನುಂಗಬಾರದು. ರಾಗಿಯನ್ನು ಮೊದಲು ಗಂಜಿಯಾಗಿ, ಆಮೇಲೆ ಮೆತ್ತಗಿನ ಸಣ್ಣ ತುತ್ತಾಗಿ ನಿಧಾನ ತೆಗೆದುಕೊಳ್ಳಬಹುದು. ಬಾಡೂಟದ ಎಣ್ಣೆ ತೇಲುವ ಸಾರು, ಕರಿದದ್ದು ಮೊದಲ ತಿಂಗಳುಗಳಲ್ಲಿ ಬೇಡ. ಬೇಯಿಸಿದ ಮೊಟ್ಟೆ, ಬೇಳೆ, ಮೀನು ಆಗುತ್ತದೆ. ಜಠರ ಪೂರ್ತಿ ತೆಗೆದವರಿಗೆ ಬಿ12 ವಿಟಮಿನ್ ಜೀವನಪೂರ್ತಿ ಬೇಕು. ಅದನ್ನು ಬಿಡಲೇಬಾರದು.

ಸೈನ್ ಹಾಕುವ ಮೊದಲು

ಸಿ.ಟಿ. ಸ್ಕ್ಯಾನ್ ಆಗಿದೆ ಎಂದ ಮಾತ್ರಕ್ಕೆ ಪಿತ್ತಕೋಶದಲ್ಲಿ ಕಲ್ಲಿಲ್ಲ ಎಂದು ನಂಬಬೇಡಿ. ಕೆಲವು ಜಾತಿಯ ಕಲ್ಲು ಸಿ.ಟಿ.ಯಲ್ಲಿ ಕಾಣುವುದೇ ಇಲ್ಲ. ಕಲ್ಲು ನೋಡಲು ಅಲ್ಟ್ರಾಸೌಂಡ್ ಹೆಚ್ಚು ಒಳ್ಳೆಯದು, ಖರ್ಚೂ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು. ಆಪರೇಷನ್‌ಗೆ ಮೊದಲು ಅದು ಆಗಿದೆಯೇ ಎಂದು ಕೇಳಿ. ಮೊದಲೇ ಕಲ್ಲಿದ್ದರೆ, ಅಥವಾ ಪಿತ್ತಕೋಶದಲ್ಲಿ 10 ಮಿಲಿಮೀಟರ್‌ಗಿಂತ ದೊಡ್ಡ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಗಂಟು, ಇದ್ದರೆ, ಲೆಕ್ಕವೇ ಬದಲಾಗುತ್ತದೆ. ಆಗ ಸುರಕ್ಷಿತವಾಗಿ ಆಗುವುದಾದರೆ ಒಟ್ಟಿಗೇ ತೆಗೆಸುವುದು ಬುದ್ಧಿವಂತಿಕೆ.

ಒಪ್ಪಿಗೆ ಪತ್ರದಲ್ಲಿ ಪಿತ್ತಕೋಶದ ಹೆಸರು ಬೇರೆಯಾಗಿ ಬರೆದಿರಬೇಕು. ಇದು ಬರೀ ಮರ್ಯಾದೆಯ ವಿಷಯವಲ್ಲ, ಕಾನೂನಿನ ವಿಷಯ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಒಂದು ಪ್ರಕ್ರಿಯೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆ ಆಗುವುದಿಲ್ಲ. ತಡಮಾಡಿದರೆ ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯ ಎನ್ನುವಂಥ ತುರ್ತು ಇದ್ದಾಗ ಮಾತ್ರ ಒಪ್ಪಿಗೆ ಇಲ್ಲದೆ ಹೆಚ್ಚಿನದ್ದನ್ನು ಮಾಡಬಹುದು. ಆ ಪ್ರಕರಣದಲ್ಲಿ ರೋಗಿ ವಯಸ್ಕರಾಗಿದ್ದರು, ಆದರೂ ಅವರು ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಅಂಗ ತೆಗೆದಿದ್ದರು. ಅದು ಸಾಲದು ಎಂದು ಕೋರ್ಟ್ ಹೇಳಿತು. ಆರೋಗ್ಯವಾಗಿರುವ ಪಿತ್ತಕೋಶವನ್ನು ಮುನ್ನೆಚ್ಚರಿಕೆಗೆ ತೆಗೆಯುವುದು ಯಾವ ಲೆಕ್ಕದಲ್ಲೂ ತುರ್ತು ಅಲ್ಲ. ಆದ್ದರಿಂದ ಮೊದಲೇ ಕೇಳಬೇಕು, ರೋಗಿಯನ್ನೇ ಕೇಳಬೇಕು.

ನಮ್ಮ ಮನೆಗಳಲ್ಲಿ ಇದು ತಪ್ಪಿಹೋಗುವುದು ಪ್ರೀತಿಯಿಂದಲೇ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ, ಹೆದರಿಬಿಡ್ತಾರೆ" ಎಂದು ಮಗ ಹೇಳುತ್ತಾನೆ. ಭಾವ, ಚಿಕ್ಕಪ್ಪ ಸೇರಿ ಎಲ್ಲ ತೀರ್ಮಾನ ಮಾಡುತ್ತಾರೆ. ಹೆಬ್ಬೆಟ್ಟು ಮಾತ್ರ ಅಪ್ಪನದು. ಆ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೆ ಆಪರೇಷನ್ ಆದ ಮೇಲೆ ಆ ಹೊಟ್ಟೆಯ ಜೊತೆ ಬದುಕಬೇಕಾದವರು ಅಪ್ಪ. ಕಬ್ಬಿನ ಗದ್ದೆಯಲ್ಲಿ ಐವತ್ತು ವರ್ಷ ದುಡಿದವರಿಗೆ ಕೆಟ್ಟ ಸುದ್ದಿ ಕೇಳುವ ಗಟ್ಟಿತನ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತದೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಲು ಕೇಳಿ. ಜಠರ ಎಷ್ಟು ತೆಗೆಯುತ್ತೀರಿ, ಕರುಳನ್ನು ಹೇಗೆ ಜೋಡಿಸುತ್ತೀರಿ, ಪಿತ್ತಕೋಶ ತೆಗೆದರೆ ನಮ್ಮವರಿಗೆ ಏನು ಲಾಭ, ಬಿಟ್ಟರೆ ಏನು ಅಪಾಯ ಎಂದು ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಬೇಸರಪಡುವುದಿಲ್ಲ.

"ತೆಗೆಯಬೇಕೋ ಬೇಡವೋ ಎನ್ನುವುದನ್ನು ಹೊಟ್ಟೆ ತೆರೆದ ಮೇಲೆ ನೋಡಿ ತೀರ್ಮಾನಿಸುತ್ತೇವೆ" ಎಂದು ಅವರು ಹೇಳಬಹುದು. ಅದೂ ನ್ಯಾಯವಾದ ಉತ್ತರವೇ. ಆಪರೇಷನ್ ಕಷ್ಟವಾಗಿ, ರಕ್ತ ಹೋಗಿ, ಹೊತ್ತು ಮೀರಿದ್ದರೆ ಹೆಚ್ಚಿನ ಕೆಲಸ ಬೇಡ ಎಂದು ಬಿಡುವುದೇ ಸರಿ. ಆ ಮಾತನ್ನೂ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳಿ.

ಪಿತ್ತಕೋಶ ಉಳಿದಿದ್ದರೆ

ಉಳಿಸಿಕೊಂಡವರು ಹೆದರಿಕೊಂಡು ಬದುಕಬೇಕಾಗಿಲ್ಲ. ಕ್ಯಾನ್ಸರ್ ಚೆಕಪ್‌ಗೆ ಹೋದಾಗ ಪಿತ್ತಕೋಶದ ಕಡೆಗೂ ಒಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಎಂದು ನೆನಪಿಸಿದರೆ ಸಾಕು. ಮೊದಲ ಎರಡು ಮೂರು ವರ್ಷ ಇದು ಮುಖ್ಯ.

ಕೆಲವು ಲಕ್ಷಣಗಳನ್ನು ಮಾತ್ರ ಮನೆಯವರೆಲ್ಲರೂ ತಿಳಿದಿರಬೇಕು. ಪಕ್ಕೆಲುಬಿನ ಕೆಳಗೆ ಬಲಗಡೆ ಗಂಟೆಗಟ್ಟಲೆ ಬಿಡದ ನೋವು, ಬೆನ್ನಿಗೋ ಬಲಭುಜಕ್ಕೋ ಹರಡುವ ನೋವು, ಚಳಿ ನಡುಕದ ಜ್ವರ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳಿಚಿಕೊಂಡಿದ್ದು. ಇವುಗಳಲ್ಲಿ ಜ್ವರ, ನೋವು, ಕಾಮಾಲೆ ಮೂರೂ ಒಟ್ಟಿಗೆ ಬಂದರೆ ನಾಳದಲ್ಲಿ ಕಲ್ಲು ಸಿಕ್ಕಿ ಸೋಂಕಾಗಿರಬಹುದು. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು. ನಮ್ಮ ಕಡೆ ಕಣ್ಣು ಹಳದಿ ಆಯಿತೆಂದರೆ ಮೊದಲು ನಾಟಿ ಔಷಧಿ ಕೊಡುವವರ ಮನೆಗೆ ಹೋಗುವ ರೂಢಿ ಇದೆ. ಮೂರು ದಿನ ಸೊಪ್ಪಿನ ರಸ ಕುಡಿದು, ಪಥ್ಯ ಮಾಡಿ, ಆಮೇಲೆ ನೋಡೋಣ ಎನ್ನುತ್ತಾರೆ. ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದವರ ವಿಷಯದಲ್ಲಿ ದಯವಿಟ್ಟು ಹೀಗೆ ಕಾಯಬೇಡಿ. ಆ ಮೂರು ದಿನದಲ್ಲಿ ಸೋಂಕು ರಕ್ತಕ್ಕೆ ಏರಬಹುದು. ಕಾಮಾಲೆಗೆ ಕಾರಣ ಕಲ್ಲೋ, ಕ್ಯಾನ್ಸರ್ ಮರಳಿದ್ದೋ ಎಂದು ಸ್ಕ್ಯಾನ್ ಇಲ್ಲದೆ ಯಾರಿಗೂ ಹೇಳಲಾಗದು.

ಅಂಥ ಹೊತ್ತಿನಲ್ಲಿ ಎಮರ್ಜೆನ್ಸಿಯಲ್ಲಿರುವ ಡಾಕ್ಟರಿಗೆ ನಿಮ್ಮ ಹಳೇ ಆಪರೇಷನ್ ಬಗ್ಗೆ ಏನೂ ಗೊತ್ತಿರುವುದಿಲ್ಲ. ಮಂಡ್ಯದಲ್ಲಿ ಇರುವವರನ್ನು ಅಲ್ಲೇ ನೋಡಬೇಕೋ, ಸುಮಾರು 45 ಕಿಲೋಮೀಟರ್ ದೂರದ ಮೈಸೂರಿಗೆ ಕಳಿಸಬೇಕೋ, ಬೆಂಗಳೂರಿಗೇ ಕಳಿಸಬೇಕೋ ಎನ್ನುವುದು ಒಳಗೆ ಕರುಳನ್ನು ಹೇಗೆ ಜೋಡಿಸಿದ್ದಾರೆ ಎನ್ನುವುದರ ಮೇಲೆ ನಿಂತಿರುತ್ತದೆ. ಆದ್ದರಿಂದ ಡಿಸ್ಚಾರ್ಜ್ ಆಗುವ ದಿನ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಡಿಸ್ಚಾರ್ಜ್ ಸಮ್ಮರಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳಬೇಡಿ. ಜಠರ ಎಷ್ಟು ತೆಗೆದರು, ಯಾವ ಜೋಡಣೆ ಮಾಡಿದರು, ಪಿತ್ತಕೋಶ ತೆಗೆದರೋ ಬಿಟ್ಟರೋ ಎಂದು ಅದರಲ್ಲಿ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ. ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ.